ಗೃಹಕೌಶಲ: ಜಪಾನಿನ ಕಟ್ಟುಬಣ್ಣ

ಬಟ್ಟೆಗೆ ಬಣ್ಣ ಹಾಕುವುದೆಂದರೆ ಅದನ್ನು ಎಲ್ಲೆಡೆಗೂ ಸಮನಾಗಿ ಹಿಡಿಸುವುದೆಂದೇ ನಾವು ಸಾಮಾನ್ಯವಾಗಿ ತಿಳಿದಿರುವೆವು. ಬಣ್ಣವು ಎಲ್ಲಿ ತಾಗಕೂಡದೆಂಬುದನ್ನು ಮೊದಲು ನಿಶ್ಚಯಿಸಿ, ಆ ಭಾಗವನ್ನು ಕಟ್ಟಿ ಕಾಯುವುದರಿಂದಲೇ ಚಿತ್ತಾರವನ್ನು ಮೂಡಿಸುವ ಕಲೆಯೊಂದುಂಟು. ಜಪಾನೀಯರು ಇದನ್ನು ‘ಶಿಬೋರಿ’ ಎನ್ನುವರು; ಹಿಂಡುವುದೆಂಬ ಅರ್ಥದ ಕ್ರಿಯಾಪದದಿಂದ ಹುಟ್ಟಿದ ಹೆಸರಿದು. ಗುಜರಾತಿನ ಬಾಂಧಣಿಯನ್ನೂ ಮಧುರೆಯ ಸುಂಗುಡಿಯನ್ನೂ ಉಟ್ಟು ಬಲ್ಲ ಸೋದರಿಯರಿಗೆ ಇದರ ಮರ್ಮವು ತೀರ ಹೊಸದಲ್ಲ.

ಜಪಾನಿನಲ್ಲಿ ಈ ವಿದ್ಯೆ ಬಹು ಪ್ರಾಚೀನವಾದುದು. ನಾರಾ ನಗರದ ಶೋಸೋಇನ್ ಭಂಡಾರದಲ್ಲಿ 8ನೆಯ ಶತಮಾನದ ಕಟ್ಟುಬಣ್ಣದ ವಸ್ತ್ರಗಳು ಇಂದಿಗೂ ಉಳಿದಿವೆ. ನಗೋಯಾದ ಬಳಿ, ತೋಕಾಯ್ದೋ ಹೆದ್ದಾರಿಯಲ್ಲಿ, 1608ರಲ್ಲಿ ಅರಿಮತ್ಸು ಎಂಬ ಊರು ನೆಲೆಗೊಂಡಿತು. ಅಲ್ಲಿನವರು ಹತ್ತಿಯ ಕೈವಸ್ತ್ರಗಳಿಗೆ ನೀಲಿಯ ಕಟ್ಟುಬಣ್ಣವಿಕ್ಕಿ ದಾರಿಹೋಕರಿಗೆ ಮಾರಿ ಜೀವಿಸಿದರು. ಚಿತ್ರಕಾರ ಹಿರೋಶಿಗೆಯು ಆ ಅಂಗಡಿಗಳನ್ನು ತನ್ನ ಹೆದ್ದಾರಿಯ ಚಿತ್ರಮಾಲೆಯಲ್ಲಿ ಚಿತ್ರಿಸಿರುವನು.

ಕಟ್ಟುವ ವಿಧಾನಗಳು ಹಲವು. ಬಟ್ಟೆಯನ್ನು ಚಿಟಿಕೆಯಷ್ಟು ಎತ್ತಿ ದಾರ ಸುತ್ತಿದರೆ ಜಿಂಕೆಮರಿಯ ಮೈಮೇಲಿನಂತಹ ಚುಕ್ಕೆಗಳು ಮೂಡುವುವು, ಇದು ‘ಕಾನೊಕೊ’. ಗೆರೆಯುದ್ದಕ್ಕೂ ಹೊಲಿಗೆ ಹಾಕಿ ದಾರವನ್ನು ಜಗ್ಗಿ ನೆರಿಗೆಗಟ್ಟುವುದು ‘ನುಯಿ’. ಮಡಿಸಿದ ಬಟ್ಟೆಯನ್ನು ಎರಡು ಹಲಗೆಗಳ ನಡುವೆ ಅದುಮುವುದು ‘ಇತಾಜಿಮೆ’. ಕಂಬಕ್ಕೆ ಸುತ್ತಿ ದಾರದಿಂದ ಬಿಗಿದು ಒತ್ತರಿಸಿದರೆ ಗಾಳಿಮಳೆಯಂತಹ ಓರೆಗೆರೆಗಳು ಬೀಳುವುವು. ಅದಕ್ಕೆ ಬಿರುಗಾಳಿಯ ಹೆಸರನ್ನೇ ಇಟ್ಟು ‘ಅರಾಶಿ’ ಎಂದಿರುವರು.

ಹೊಸಬರು ಇತಾಜಿಮೆಯಿಂದ ಆರಂಭಿಸುವುದು ಲೇಸು. ಒಂದು ಬಿಳಿಯ ಹತ್ತಿಬಟ್ಟೆಯನ್ನು ಗಂಜಿ ಹೋಗುವಂತೆ ಒಗೆದು ಒಣಗಿಸತಕ್ಕದ್ದು. ಬೀಸಣಿಗೆಯಂತೆ ಹಿಂದುಮುಂದಾಗಿ ಉದ್ದಕ್ಕೆ ಮಡಿಸಿ, ಪುನಃ ಅಡ್ಡಲಾಗಿ ಹಾಗೆಯೇ ಮಡಿಸಿ, ಸಮನಾದ ಎರಡು ಮರದ ತುಂಡುಗಳ ನಡುವೆ ಇಟ್ಟು ದಾರದಿಂದ ಬಿಗಿಯಬೇಕು. ಬಳಿಕ ತಣ್ಣೀರಿನಲ್ಲಿ ನೆನೆಸಿ, ಹತ್ತಿಗೆ ಒಪ್ಪುವ ಬಣ್ಣದಲ್ಲಿ ಪೊಟ್ಟಣದ ಮೇಲಿನ ಸೂಚನೆಯಂತೆ ಅದ್ದುವುದು. ಕೈಗವಸು ಅವಶ್ಯಕ, ಬಣ್ಣದ ಪಾತ್ರೆಯನ್ನು ಅಡಿಗೆಗೆ ಎಂದಿಗೂ ಬಳಸಕೂಡದು. ಕಟ್ಟಿದಂತೆಯೇ ನೀರಿನಲ್ಲಿ ಜಾಲಿಸಿ, ನೀರು ತಿಳಿಯಾದ ಮೇಲೆಯೇ ಬಿಚ್ಚಬೇಕು. ಆತುರದಿಂದ ಬಿಚ್ಚಿದರೆ ಉಳಿಸಿಕೊಂಡ ಬಿಳುಪಿಗೆ ಬಣ್ಣ ಹರಿದು ಶ್ರಮವೆಲ್ಲ ವ್ಯರ್ಥ.

ಬಿಗಿ ಸಾಲದಿದ್ದರೆ ಬಣ್ಣ ಒಳನುಗ್ಗಿ ಚಿತ್ತಾರ ಮಾಸುವುದು. ಅತಿಯಾದರೆ ಒಳಮಡಿಕೆಗಳು ಬರಿದಾಗಿಯೇ ಉಳಿಯುವುವು. ಈ ಹದವನ್ನು ಪುಸ್ತಕವು ಹೇಳಲಾರದು, ಬೆರಳು ಕಲಿಯಬೇಕು. ನೀಲಿಯ ತೊಟ್ಟಿಯಿಂದ ತೆಗೆದ ಬಟ್ಟೆ ಮೊದಲು ಹಸುರಾಗಿ ಕಂಡು, ಗಾಳಿ ತಾಗಿದಂತೆ ನೀಲಿಯಾಗುವುದು. ಕಡುನೀಲಿ ಬೇಕಾದವರು ಹಲವು ಸಲ ಅದ್ದಿ ಹಲವು ಸಲ ಗಾಳಿಗೆ ಹಿಡಿಯುವರು.

ಅರಿಮತ್ಸುವಿನಲ್ಲಿ ಒಬ್ಬರಿಗೆ ಒಂದೇ ವಿಧಾನವೆಂಬುದು ಸಂಪ್ರದಾಯ. ಒಬ್ಬಾಕೆ ತನ್ನ ಒಂದು ಬಗೆಯ ಕಟ್ಟನ್ನೇ ಬಾಳೆಲ್ಲ ಕಟ್ಟುವಳು. ಇದರಿಂದ ಕೈಗೆ ಬರುವ ನೈಪುಣ್ಯ ಅಪಾರ. ಆದರೆ ಕಲಿಯುವವರಿಲ್ಲದೆ ಆ ಮುದುಕಿ ಕಣ್ಮುಚ್ಚಿದರೆ ಆ ಕಟ್ಟೂ ಅವಳೊಡನೆಯೇ ಹೋಗುವುದು. 1975ರಲ್ಲಿ ಜಪಾನಿನ ಸರಕಾರವು ಈ ಊರಿನ ಕಸುಬನ್ನು ಸಾಂಪ್ರದಾಯಿಕ ಕುಶಲಕಲೆಯೆಂದು ಗುರುತಿಸಿತು. ಆದರೆ ಮನ್ನಣೆಯೊಂದರಿಂದಲೇ ಗಂಟು ಹಾಕುವ ಬೆರಳುಗಳು ಹುಟ್ಟವು.

ನಮ್ಮ ಮನೆಗಳಲ್ಲಿಯೂ ಅಜ್ಜಿಯೊಬ್ಬಳೇ ಬಲ್ಲ ಕಸೂತಿಯೋ ಹೊಲಿಗೆಯೋ ಇದ್ದೀತು. ಜಪಾನಿನ ಗಂಟನ್ನು ಕಲಿಯಹೊರಟ ಸೋದರಿಯರು, ಅದೇ ಮಧ್ಯಾಹ್ನ ಅಜ್ಜಿಯ ಪಕ್ಕದಲ್ಲಿಯೂ ಸ್ವಲ್ಪ ಹೊತ್ತು ಕುಳಿತು ಅದನ್ನೂ ಕಲಿತುಕೊಳ್ಳಲಿ.