ಆ ಕೆಂಪು ನಕ್ಷತ್ರಕ್ಕೆ ನಾವೇಕೆ ಉತ್ತರ ಕೊಡಬೇಕು?

ನನ್ನ ಅಕ್ಕನ ಮಗಳು ಅರಕಲಗೂಡಿನವಳು. ಡಿಗ್ರಿ ಮುಗಿಸಿ ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದಾಳೆ. ಹೋದ ವರ್ಷ ಅದರ ತಯಾರಿಗೆಂದು ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಂಡಳು. ಹೆಸರು ಕೇಳಿತು, ಗಂಡಿಗೂ ಹೆಣ್ಣಿಗೂ ಒಪ್ಪುವಂಥ, ಮನೆಯಲ್ಲಿ ಕರೆಯುವ ಹೆಸರು ಹಾಕಿದಳು. ಊರು ಕೇಳಿತು, ಹಾಕಿದಳು. ಆಮೇಲೆ ‘ಲಿಂಗ’ ಎಂದು ಕೇಳಿತು. ಪಕ್ಕದಲ್ಲೊಂದು ಕೆಂಪು ನಕ್ಷತ್ರ. ಗಂಡು, ಹೆಣ್ಣು ಎಂಬ ಎರಡೇ ಆಯ್ಕೆ. ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯದು. ಸಂವಿಧಾನದ ಮೇಲಿನ ಪ್ರಶ್ನೆಗೆ ಉತ್ತರ ಬರೆಯಲು ಇದು ಯಾಕೆ ಬೇಕು ಎಂದು ಅವಳೂ ಕೇಳಲಿಲ್ಲ, ಪಕ್ಕದಲ್ಲಿ ಕೂತಿದ್ದ ನಾನೂ ಕೇಳಲಿಲ್ಲ.

ಅಲ್ಲಿನ ಚರ್ಚಾ ಗುಂಪಿನಲ್ಲಿ ಅವಳ ಹೆಸರಿನ ಕೆಳಗೆ ‘ಹೆಣ್ಣು, ಅರಕಲಗೂಡು’ ಎಂದು ಎಲ್ಲರಿಗೂ ಕಾಣುತ್ತಿತ್ತು. ವಾರದೊಳಗೆ ರಾತ್ರಿ ಹತ್ತರ ಮೇಲೆ ಗುರುತಿಲ್ಲದವರ ‘ಹಾಯ್’ಗಳು ಶುರುವಾದವು. ವಿಷಯ ಮನೆಯಲ್ಲಿ ತಿಳಿದಾಗ ಭಾವ ಆ ಹುಡುಗರನ್ನು ಬೈಯಲಿಲ್ಲ, ಆ್ಯಪಿನವರನ್ನೂ ಬೈಯಲಿಲ್ಲ. “ಆ ಫೋನ್ ಇಲ್ಲಿ ಕೊಡವ್ವ” ಎಂದರು. ಪರೀಕ್ಷೆಗೆ ಆಗ ಎರಡೇ ತಿಂಗಳು ಉಳಿದಿತ್ತು.

ನನ್ನ ತಕರಾರು ಇಷ್ಟು: ನೀವು ಗಂಡೋ ಹೆಣ್ಣೋ ಎಂದು ಕೇಳುವವರು ಏಕೆ ಕೇಳುತ್ತಿದ್ದೇವೆ ಎಂದು ಮೊದಲು ಹೇಳಬೇಕು. ಕಾರಣವಿಲ್ಲದಿದ್ದರೆ ಕೇಳಬಾರದು. ಕಾರಣವಿದ್ದು ಕೇಳಿದರೂ, ಅದನ್ನು ನಾಲ್ಕು ಜನಕ್ಕೆ ತೋರಿಸಬೇಕೋ ಬೇಡವೋ ಎಂಬ ತೀರ್ಮಾನ ಹೇಳಿಕೊಂಡವರದೇ ಆಗಿರಬೇಕು.

“ನಮ್ಮ ಕಡೆ ಎಲ್ಲಿಯ ಖಾಸಗಿತನ?” ಎಂದು ನಗುವವರಿದ್ದಾರೆ. ಹಾಸನದಲ್ಲಿ ಬಸ್ಸು ಹತ್ತಿ ಚನ್ನರಾಯಪಟ್ಟಣದಲ್ಲಿ ಇಳಿಯುವಷ್ಟರಲ್ಲಿ ಪಕ್ಕದ ಸೀಟಿನವರು ನಮ್ಮ ಊರು, ಜಾತಿ, ಸಂಬಳ, ಮಕ್ಕಳೆಷ್ಟು ಎಂದೆಲ್ಲ ಕೇಳಿ ಮುಗಿಸಿರುತ್ತಾರೆ, ನಿಜ. ಆದರೆ ಅವರು ತಮ್ಮದನ್ನೂ ಹೇಳಿರುತ್ತಾರೆ. ನಮಗೆ ಇಷ್ಟವಿಲ್ಲದಿದ್ದರೆ “ಇಲ್ಲೇ, ಹೊಳೆನರಸೀಪುರದ ಕಡೆ” ಎಂದು ಮಾತು ತೇಲಿಸಿ ಕಿಟಕಿಯತ್ತ ತಿರುಗಬಹುದು. ಅದಕ್ಕಾಗಿ ಯಾರೂ ನಮ್ಮನ್ನು ಬಸ್ಸಿನಿಂದ ಇಳಿಸುವುದಿಲ್ಲ. ಕೆಂಪು ನಕ್ಷತ್ರ ಇಳಿಸುತ್ತದೆ.

“ಕೇಳದಿದ್ದರೆ ಸೌಲಭ್ಯ ಕೊಡುವುದು ಹೇಗೆ?” ಎಂಬುದು ಎರಡನೆಯ ಮಾತು. ಇದರಲ್ಲಿ ಹುರುಳಿದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಹೆಂಗಸರೂ ಲಿಂಗತ್ವ ಅಲ್ಪಸಂಖ್ಯಾತರೂ ಗುರುತಿನ ಚೀಟಿ ತೋರಿಸಿ ಉಚಿತವಾಗಿ ಪ್ರಯಾಣಿಸುತ್ತಾರೆ. ಅಲ್ಲಿ ಕಾರಣ ಎಲ್ಲರಿಗೂ ಗೊತ್ತು. ಚೀಟಿ ನೋಡುವವರು ಕಂಡಕ್ಟರ್ ಒಬ್ಬರು. ಶೂನ್ಯ ಟಿಕೆಟ್ ಕೊಟ್ಟು ಅವರು ಮುಂದಿನ ಸೀಟಿಗೆ ಹೋಗುತ್ತಾರೆ. ತುಂಬಿದ ಬಸ್ಸಿನಲ್ಲಿ ಆ ಚೀಟಿ ಹೊರತೆಗೆಯುವುದು ಕೆಲವರಿಗೆ ಇವತ್ತಿಗೂ ಕಷ್ಟ. ಆದರೂ ಟಿಕೆಟನ್ನು ಕೊರಳಿಗೆ ತೂಗುಹಾಕಿಕೊಂಡು ಕೂರಿ ಎಂದು ಯಾರೂ ಹೇಳುವುದಿಲ್ಲ. ಪ್ರೊಫೈಲುಗಳು ಮಾಡಿಸುತ್ತಿರುವುದು ಅದನ್ನೇ.

ಒಂದೇ ಉತ್ತರ ಕೇಳುವವರಿಗೆ ತಕ್ಕಂತೆ ಹೇಗೆ ಬೇರೆಯಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ನಿದರ್ಶನವಿದೆ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿತು. ಅನುಮಾನದ ಹೆಸರಿನಲ್ಲಿ ಹಿಜಡಾ ಸಮುದಾಯದವರ ಹೆಸರು, ವಾಸದ ಜಾಗಗಳ ದಾಖಲೆ ಇಡಲು ಅದು ಪೊಲೀಸರಿಗೆ ಅಧಿಕಾರ ಕೊಟ್ಟಿತು. ಹೈಕೋರ್ಟಿನಲ್ಲಿ ಪ್ರಶ್ನಿಸಿದ ಮೇಲೆ ಆ ಸಮುದಾಯವನ್ನು ಹೆಸರಿಸುವ ಪದವನ್ನು ಸರ್ಕಾರ ಕೈಬಿಟ್ಟಿತು. 2021ರಲ್ಲಿ ಅದೇ ರಾಜ್ಯ ಸರ್ಕಾರಿ ಹುದ್ದೆಗಳಲ್ಲಿ ಅದೇ ಸಮುದಾಯಕ್ಕೆ ಶೇಕಡಾ 1ರಷ್ಟು ಮೀಸಲಾತಿ ಕೊಟ್ಟಿತು. ಹತ್ತು ವರ್ಷಗಳ ಅಂತರದಲ್ಲಿ ಒಂದೇ ಗುರುತು ಒಮ್ಮೆ ಠಾಣೆಯ ಪುಸ್ತಕಕ್ಕೆ, ಇನ್ನೊಮ್ಮೆ ನೌಕರಿಯ ಅರ್ಜಿಗೆ ಹೋಯಿತು. ಹಾಗಿರುವಾಗ ಯಾರಿಗೆ, ಯಾವಾಗ, ಎಷ್ಟು ಹೇಳಬೇಕೆಂಬುದನ್ನು ಆ ಗುರುತಿನಲ್ಲಿ ಬದುಕುವವರಿಗಲ್ಲದೆ ಮತ್ತ್ಯಾರಿಗೆ ಬಿಡಬೇಕು?

ಮೂರನೆಯ ನೆಪ ವ್ಯಾಕರಣದ್ದು. ಕನ್ನಡದಲ್ಲಿ ‘ಬರೆದನು’, ‘ಬರೆದಳು’ ಎಂದು ಹೇಳಬೇಕಲ್ಲ, ಅದಕ್ಕೇ ಕೇಳುತ್ತೇವೆ ಎನ್ನುತ್ತಾರೆ. ‘ಬರೆದಿದ್ದಾರೆ’ ಎನ್ನಲು ಏನು ಕಷ್ಟ? ಗುರುತಿಲ್ಲದವರನ್ನು ಬಹುವಚನದಲ್ಲಿ ಕರೆಯುವುದು ನಮ್ಮಲ್ಲಿ ಹಳೆಯ ರೂಢಿ. ಅದರಲ್ಲಿ ಮರ್ಯಾದೆಯೂ ಇದೆ, ಮರೆಯೂ ಇದೆ. ಬಾಗಿಲು ತಟ್ಟಿದ ಸದ್ದಾದರೆ ಅಜ್ಜಿ ಒಳಗಿನಿಂದ “ಯಾರದು?” ಎನ್ನುತ್ತಾಳೆ, ಗಂಡೋ ಹೆಣ್ಣೋ ಎಂದು ಕೇಳಿ ಚಿಲಕ ತೆಗೆಯುವುದಿಲ್ಲ. ವಿಕಿಪೀಡಿಯ ಕೂಡ ತನ್ನ ಬಳಕೆದಾರರನ್ನು ಹೇಗೆ ಕರೆಯಬೇಕೆಂದು ಕೇಳುತ್ತದೆ. ಆದರೆ ಹೇಳದೆ ಬಿಡುವ ಆಯ್ಕೆ ಅಲ್ಲಿದೆ. ಹೇಳಿದರೆ ಅದು ಎಲ್ಲರಿಗೂ ಕಾಣುತ್ತದೆ ಎಂಬ ಎಚ್ಚರಿಕೆಯೂ ಜೊತೆಗಿದೆ. ಅಂದರೆ ಮನಸ್ಸಿದ್ದರೆ ಮಾಡಬಹುದು.

“ಮುಚ್ಚಿಡಲು ಬಿಟ್ಟರೆ ನಕಲಿ ಖಾತೆಗಳು ಹೆಚ್ಚುತ್ತವೆ” ಎಂಬುದು ಕೊನೆಯ ವಾದ. ಮೋಸ ಮಾಡಲು ಬಂದವನಿಗೆ ಸುಳ್ಳು ಗುರುತು ಒತ್ತಲು ಎಷ್ಟು ಹೊತ್ತು ಬೇಕು? ಆ ಅಂಕಣವನ್ನು ಯಾರೂ ಪರೀಕ್ಷಿಸುವುದಿಲ್ಲ. ಅದರಲ್ಲಿ ಸಿಕ್ಕಿಬೀಳುವವರು ನಿಜ ಹೇಳುವವರು ಮಾತ್ರ. ನನ್ನ ಅಕ್ಕನ ಮಗಳು ತಿಂಗಳ ನಂತರ ಅಪ್ಪನ ಕೈಕಾಲು ಹಿಡಿದು ಫೋನ್ ವಾಪಸ್ ಪಡೆದಳು. ಈಗ ಅದೇ ಆ್ಯಪಿನಲ್ಲಿ ಅವಳು ‘ಗಂಡು’; ಚಿತ್ರದ ಜಾಗದಲ್ಲಿ ಆಂಜನೇಯನಿದ್ದಾನೆ. ಸಂದೇಶಗಳು ನಿಂತಿವೆ. ಸುಳ್ಳು ಹೇಳುವುದನ್ನು ಅವಳಿಗೆ ಕಲಿಸಿದ್ದು ಆ ಅರ್ಜಿ.

ಇದು ಸಣ್ಣ ವಿಷಯ ಎನ್ನುವವರು 2024ರ ಏಪ್ರಿಲ್ ತಿಂಗಳನ್ನು ನೆನಪಿಸಿಕೊಳ್ಳಲಿ. ಲೋಕಸಭಾ ಚುನಾವಣೆಯ ಹೊತ್ತಿಗೆ ನಮ್ಮ ಜಿಲ್ಲೆಯಲ್ಲಿ ಹೆಣ್ಣುಮಕ್ಕಳ ಮುಖ ಮರೆಮಾಡದ ವಿಡಿಯೊಗಳು ಪೆನ್‌ಡ್ರೈವ್‌ಗಳಲ್ಲಿ ಹರಿದಾಡಿದವು. ಏಪ್ರಿಲ್ 28ರಂದು ಹೊಳೆನರಸೀಪುರದ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. ಅಲ್ಲಿ ನಡೆದ ದೌರ್ಜನ್ಯಕ್ಕೂ ಪ್ರೊಫೈಲಿನ ಒಂದು ಅಂಕಣಕ್ಕೂ ಹೋಲಿಕೆಯಿಲ್ಲ, ಹೋಲಿಸುವುದೂ ತಪ್ಪು. ನಾನು ನೆನಪಿಸುತ್ತಿರುವುದು ನಮ್ಮ ನಡವಳಿಕೆಯನ್ನು. “ಇವಳು ಯಾರು, ಯಾವೂರು?” ಎಂದು ಗುರುತು ಹುಡುಕಲು ನಮ್ಮಲ್ಲಿ ಎಷ್ಟೊಂದು ಕೈಗಳು ಮೊಬೈಲ್ ತೆಗೆದವು! ಗುರುತು ಕೈತಪ್ಪಿದರೆ ಊರು ಏನು ಮಾಡುತ್ತದೆ ಎಂದು ಕಂಡ ಜಿಲ್ಲೆ ಇದು. ಇಲ್ಲಿನ ಹೆಣ್ಣುಮಗಳೊಬ್ಬಳು ಹೇಳಲಾರೆ ಎಂದರೆ ಅದು ಬಿನ್ನಾಣವಲ್ಲ.

ಕಾನೂನು ನಮ್ಮ ಕಡೆಗಿದೆ. 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ತನ್ನ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕನ್ನು ಒಪ್ಪಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮೊದಲನೆಯದು ಹೇಳಿಕೊಳ್ಳುವ ಹಕ್ಕಾದರೆ ಎರಡನೆಯದು ಹೇಳದಿರುವ ಹಕ್ಕು, ಎರಡೂ ಜೊತೆಗಿರಬೇಕು. ಹೇಳಿದ ಉದ್ದೇಶಕ್ಕೆ ಅಗತ್ಯವಾದಷ್ಟೇ ಮಾಹಿತಿಗೆ ಒಪ್ಪಿಗೆ ಪಡೆಯಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ ಬರೆದಿದೆ.

ಆದ್ದರಿಂದ ಆ್ಯಪು ಮಾಡುವವರು, ಅರ್ಜಿ ತಯಾರಿಸುವ ಇಲಾಖೆಯವರು, ವಾಟ್ಸ್ಆ್ಯಪ್ ಗುಂಪಿಗೆ ಗೂಗಲ್ ಫಾರ್ಮ್ ಕಳಿಸುವ ನಮ್ಮ ಸಾಹಿತ್ಯ ಸಂಘಗಳವರು, ಎಲ್ಲರಲ್ಲೂ ಕೇಳುವುದಿಷ್ಟು. ಬೇಡದಿದ್ದರೆ ಆ ಅಂಕಣ ತೆಗೆಯಿರಿ. ಬೇಕಿದ್ದರೆ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ. ಗಂಡು, ಹೆಣ್ಣು ಜೊತೆಗೆ ಇತರರಿಗೂ ಜಾಗವಿಡಿ. ‘ಹೇಳಲು ಇಷ್ಟವಿಲ್ಲ’ ಎಂಬ ಆಯ್ಕೆಯನ್ನೂ ಕೊಡಿ. ನಾವಾಗಿ ತೆರೆಯುವ ತನಕ ಅದು ಯಾರಿಗೂ ಕಾಣದಿರಲಿ.

ಮುಂದಿನ ಸಲ ಆ ಹುಡುಗಿಯ ಪಕ್ಕ ಕೂತು ಫಾರ್ಮ್ ತುಂಬುವಾಗ ನಾನಂತೂ ಸುಮ್ಮನಿರುವುದಿಲ್ಲ. “ತಡಿ, ಇದು ಯಾಕೆ ಬೇಕಂತೆ ಕೇಳೋಣ” ಎನ್ನುತ್ತೇನೆ.