ಗಾಡಿ ಅಗಲ ಮಾಡೂಕಿಂತ ಮೊದಲ ಹಾದಿ ಅಳೀರಿ

"ಅಗಲ ಇದ್ದಷ್ಟೂ ಚಲೋ" ಅನ್ನೂ ಮಾತು ನಮ್ಮ ಕಡೆ ಎಲ್ಲಾದಕ್ಕೂ ನಡೀತೈತಿ. ಪಡಸಾಲಿ ಅಗಲ ಇರಬೇಕು, ಸೀರಿ ಅಂಚು ಅಗಲ ಇರಬೇಕು, ರೊಟ್ಟಿ ಅಂತೂ ಹಂಚು ತುಂಬಬೇಕು. ಅದೆಲ್ಲಾ ಖರೆ. ಆದ್ರ ಹೊಲದಾಗ ಓಡಾಡೂ ಗಾಡಿಯ ಅಚ್ಚಿಗೆ ಈ ಮಾತು ಹೊಂದೂದಿಲ್ಲ. ಅಚ್ಚಿನ ಅಗಲ ಎಷ್ಟಿರಬೇಕು ಅನ್ನೂದನ್ನ ನಿಮ್ಮ ಹಾದಿ ಮತ್ತ ನಿಮ್ಮ ಬೆಳಿಯ ಸಾಲು ಹೇಳಬೇಕು. ಗಾಡಿ ನೋಡಾಕ ಹೆಂಗ ಕಾಣತೈತಿ ಅನ್ನೂದು ಆಮ್ಯಾಲಿನ ಮಾತು.

ನಮ್ಮ ಮನ್ಯಾಗ ಈಗ ತಿಂಗಳಿಂದ ನಡದಿರೂ ಜಗಳ ಇದ. ಅಕ್ಕನ ಮಗ ನರಗುಂದದಾಂವ, ಹುಬ್ಬಳ್ಳ್ಯಾಗ ಇಂಜಿನಿಯರಿಂಗ್ ಓದತಾನ. ಕಾಲೇಜಿನ ಹುಡುಗ್ರು ಕೂಡಿ ತಗ್ಗು, ದಿನ್ನಿ, ಕೆಸರು ಹಾರಿಸಿಕೊಂಡು ಓಡೂ ಸಣ್ಣ ಗಾಡಿ ಕಟ್ಟತಾರಲ್ಲ, ಬಗ್ಗಿ ಅಂತ, ಅದರ ಹುಚ್ಚು ಇವಗೂ ಹತ್ತೇತಿ. ಬಾಹಾ ಅಂತ ಅದರ ಸ್ಪರ್ಧೆ. ಅಮೆರಿಕಾದಾಗ 1976ರಾಗ ಸುರು ಆದದ್ದು, ನಮ್ಮ ದೇಶದಾಗ 2007ರಿಂದ ನಡದೈತಿ, ಮಧ್ಯಪ್ರದೇಶದ ಪೀಥಂಪುರಕ್ಕ ಎಲ್ಲೆಲ್ಲಿಂದೋ ಹುಡುಗ್ರು ಗಾಡಿ ಹೊತಗೊಂಡು ಹೋಗತಾರ. "ಚಿಗವ್ವ, ಅಂಥಾದ್ದ ಒಂದು ನಿಮ್ಮ ಹೊಲಕ್ಕ ಕಟ್ಟಿಕೊಡ್ತೇನಿ. ಎಣ್ಣಿ ಹೊಡಿಯೂ ಬ್ಯಾರಲ್ ಹೊತಗೊಂಡು ಸಾಲಿನ್ಯಾಗ ಹೋಗತೈತಿ, ಬರೂ ಮುಂದ ಚೀಲ ಹೇರಿಕೊಂಡು ಬರತೈತಿ" ಅಂದ. ನಮ್ಮ ಮನಿಯವರಿಗೆ ಖುಷಿ ಆತು. ರೋಣದ ಕಡಿ ಎರಿ ಹೊಲದಾಗ ಬೆನ್ನಿಗೆ ಪಂಪ್ ಕಟ್ಟಿಕೊಂಡು ಎಣ್ಣಿ ಹೊಡದವರಿಗೆ ಆ ಖುಷಿ ಏನಂತ ಗೊತ್ತು.

ಇಂಜಿನ್ನು ಹಳೇ ಗೂಡ್ಸ್ ಆಟೋದ್ದು. ಟೈರು ಹಳೇ ಜೀಪಿನ ಥರದ್ದು, 6 ಇಂಚಿಂದು. ಅಚ್ಚು ಮಾತ್ರ ಹೊಸದಾಗಿ ಕೊಯ್ದು ಕಟ್ಟಬೇಕು. ಅಳತಿ ಎಷ್ಟಂದ್ರ, "64 ಇಂಚು" ಅಂದ ಹುಡುಗ. ಯಾಕಪ್ಪಾ ಅಂದ್ರ, ಬಾಹಾದಾಗ ಅಷ್ಟ ತನಕಾ ಬಿಡತಾರಂತ, ಅಗಲ ಇದ್ರ ಪಲ್ಟಿ ಆಗೂದಿಲ್ಲಂತ.

ಮೊದಲನೇ ತಕರಾರು ಇಲ್ಲೇ ಐತಿ. ಆ ನಿಯಮದಾಗಿನ 64 ಇಂಚು ಅಂದ್ರ ಗಾಡಿಯ ಎಲ್ಲಾಕ್ಕಿಂತ ಅಗಲ ಜಾಗಾದ್ದು, ಅಂದ್ರ ಒಂದು ಟೈರಿನ ಹೊರಮೈಯಿಂದ ಇನ್ನೊಂದು ಟೈರಿನ ಹೊರಮೈಗೆ. ಹುಡುಗ ತನ್ನ ಚಿತ್ರದಾಗ ಅದನ್ನ ಟೈರಿನ ನಡುವಿನಿಂದ ನಡುವಿಗೆ ಬರದಿದ್ದ. ವೆಲ್ಡಿಂಗ್ ಅಂಗಡಿಯಾಂವ ಅದ ಚಿತ್ರ ನೋಡಿ ಕೊಯ್ದಿದ್ರ ಹೊರಮೈ ಲೆಕ್ಕಕ್ಕ 70 ಇಂಚು ಆಗತಿತ್ತು. ಅಳತಿ ಹೇಳೂ ಮುಂದ ಎಲ್ಲಿಂದ ಎಲ್ಲಿಗೆ ಅಂತ ಹೇಳದಿದ್ರ ಅದು ಅಳತೀನ ಅಲ್ಲ. ನಾನಿಲ್ಲಿ ಹೇಳೂದೆಲ್ಲಾ ನಡುವಿನಿಂದ ನಡುವಿಗೆ.

ಹೆಣಮಕ್ಕಳಿಗೆ ಅಚ್ಚಿನ ಉಸಾಬರಿ ಯಾಕ ಅಂತ ಒಬ್ಬರು ಕೇಳಿದ್ರು. ನನ್ನ ತವರಮನಿ ಗಜೇಂದ್ರಗಡದ ಗುಡ್ಡದ ಬುಡಕಿನ ಒಂದು ಹಳ್ಳಿ, ಅಪ್ಪ ಬಡಿಗ. ಚಕ್ಕಡಿ ಮಾಡಿಸಾಕ ಯಾರರ ಬಂದ್ರ ಅಪ್ಪ ಮೊದಲ ಕೇಳೂದು "ಯಾವ ಊರ ಹಾದ್ಯಾಗ ಓಡೂದ್ರಿ ಇದು?" ಅಂತ. ಎತ್ತು ಎಂಥಾವು, ಹೇರು ಎಷ್ಟು ಅನ್ನೂದು ಅದರ ಹಿಂದ. ಯಾಕಂದ್ರ ಊರಿಗೊಂದು ಗಾಲಿಜಾಡು ಇರತಿತ್ತು. ಹತ್ತಾರು ವರ್ಷ ಗಾಡಿ ಓಡಿ ಓಡಿ ನೆಲಾನ ಅಳತಿ ಇಟಗೊಂಡಿರತಿತ್ತು. ಆ ಜಾಡಿಗೆ ಹೊಂದದ ಗಾಡಿ ಎಷ್ಟ ಚಂದ ಮಾಡಿದ್ರೂ ಎತ್ತಿಗೆ ಶಿಕ್ಷಾ.

ಈಗ ಚಕ್ಕಡಿ ಕಡಿಮಿ ಆದ್ವು, ಜಾಡು ಹೋಗಿಲ್ಲ. ಟ್ರ್ಯಾಕ್ಟರ್ ಅದನ್ನ ಇನ್ನಷ್ಟು ತಗ್ಗು ಮಾಡೇತಿ. ನಮ್ಮ ಹೊಲದ ಹಾದಿಗೆ ನಾನ ಟೇಪ್ ಹಿಡದು ಮೂರ ಕಡೆ ಅಳದೆ, 54 ಇಂಚು ಬಂತು. ತಗ್ಗು ಒಂದು ಗೇಣು, ಅಂದ್ರ ಸುಮಾರು 9 ಇಂಚು. ಮಳಿಗಾಲದಾಗ ಎರಿ ಮಣ್ಣು ತುಳಿಸಿಕೊಂಡು, ಬ್ಯಾಸಿಗಿಗೆ ಕಲ್ಲಿನಂಗ ಒಣಗಿ ನಿಂತ ಜಾಡದು.

64 ಇಂಚಿನ ಅಚ್ಚು ಇಂಥಾ ಹಾದ್ಯಾಗ ಬಂದ್ರ ಏನಾಗತೈತಿ ನೋಡ್ರಿ. ಒಂದು ಗಾಲಿ ಜಾಡಿನ್ಯಾಗ ಬೀಳತೈತಿ, ಇನ್ನೊಂದು ಆ ಕಡೆ ಜಾಡು ದಾಟಿ ದಂಡಿ ಮ್ಯಾಲೆ ಕುಂದರತೈತಿ. ಒಂದು ಗೇಣು ಎತ್ತರ ಇಳುಕು ಅಂದ್ರ ಗಾಡಿ 8 ಡಿಗ್ರಿ ವಾಲಿಕೊಂಡ ನಡೀತೈತಿ. ಒಮ್ಮೆ ಅಲ್ಲ, ಹಾದಿ ಮುಗಿಯೂ ತನಕಾ. ಅಗಲ ಮಾಡಿ ಗಳಿಸಿದ್ದೆಷ್ಟು? ಹುಡುಗನ ಕಡಿಂದನ ಲೆಕ್ಕಾ ಹಾಕಿಸಿದೆ. ಬ್ಯಾರಲ್ ತುಂಬಿ, ಮನಿಶಾ ಕುಂತಾಗ ಗಾಡಿಯ ತೂಕದ ನಡು ನೆಲದಿಂದ 36 ಇಂಚು ಮ್ಯಾಲೆ ಇರತೈತಿ ಅಂದ. ಅಷ್ಟ ಎತ್ತರದಾಗ 54 ಇಂಚಿನ ಗಾಡಿ ಸುಮಾರು 37 ಡಿಗ್ರಿ ವಾಲಿದಾಗ ಉರುಳತೈತಿ, 64 ಇಂಚಿಂದು ಸುಮಾರು 42 ಡಿಗ್ರಿಗೆ. ಲಾಭ 5 ಡಿಗ್ರಿ, ಹಾದ್ಯಾಗ ಕಳಕೊಳ್ಳೂದು 8. ಇದಕ್ಕ ಸುಭದ್ರ ಅಂತಾರೇನ್ರಿ?

"ಹಂಗಾದ್ರ ಪಲ್ಟಿ ಆದ್ರ ಯಾರ ಹೊಣಿ?" ಅಂದ್ರು ನಮ್ಮ ಮನಿಯವರು. ಈ ಮಾತನ್ನ ನಾನು ಹಗರ ತಗೊಳ್ಳೂದಿಲ್ಲ. ಟ್ರಾಲಿ ಉರುಳಿ ಜನ ಸತ್ತ ಸುದ್ದಿ ನಾವೆಲ್ಲಾ ಪೇಪರಿನ್ಯಾಗ ಓದತೇವಿ. ಈ ಗಾಡಿ ಮ್ಯಾಲೆ ಕುಂದರೂದು ನನ್ನ ಗಂಡ, ನನ್ನ ಮಗ. ಅದಕ್ಕ ನಾನು ಹೇಳೂದು, ಅಂಜಿಕಿ ಖರೆ ಐತಿ, ಆದ್ರ ಔಷಧ ಬ್ಯಾರೆ ಐತಿ ಅಂತ. ಅಚ್ಚು 10 ಇಂಚು ಅಗಲ ಮಾಡಿದ್ರ ಒಂದೊಂದು ಬಾಜುಕ್ಕ ಬರೂದು ಐದ ಇಂಚು. ಅದ 10 ಇಂಚು ತೂಕ ಕೆಳಗ ಇಳಿಸಿದ್ರ ಪೂರ್ತಾ ಹತ್ತೂ ದಕ್ಕತಾವು. 54ರ ಅಚ್ಚ ಇಟಗೊಂಡು ತೂಕದ ನಡುವನ್ನ 36ರಿಂದ 26 ಇಂಚಿಗೆ ಇಳಿಸಿದ್ರ, ಉರುಳಾಕ 46 ಡಿಗ್ರಿ ಬೇಕು. 64 ಇಂಚು ಮಾಡಿದ್ದಕ್ಕಿಂತ ಹೆಚ್ಚ ಆತಲ್ಲ. ಅಪ್ಪಗ ಡಿಗ್ರಿ ಗೊತ್ತಿರಲಿಲ್ಲ, ಆದ್ರ ಗುಡ್ಡದ ಇಳಕಲದಾಗ ಮೇವಿನ ಹೇರು ತರೂ ಮಂದಿಗೆ "ಮ್ಯಾಲೆ ಒಟ್ಟಬ್ಯಾಡ್ರಿ, ಎರಡ ಸಲ ಬರ್ರಿ" ಅಂತಿದ್ದ.

ಇಳಿಸೂದು ಹೆಂಗ? 200 ಲೀಟರಿನ ಬ್ಯಾರಲ್ ನಿಂದರಸೂ ಬದಲಿ ಮಲಗಿಸ್ರಿ. ನೀರು ಅಂದ್ರ 200 ಕಿಲೋ ಭಾರ. ನಿಂತ ಬ್ಯಾರಲ್‌ಕ್ಕಿಂತ ಮಲಗಿದ್ದರ ತೂಕ ಸುಮಾರು ಆರ ಇಂಚು ಕೆಳಗ ಬರತೈತಿ. ಸೀಟು ಇಂಜಿನ್ನಿನ ಮ್ಯಾಲೆ ಇಡೂದು ಬಿಟ್ಟು ಮುಂದ ಕೆಳಗ ಇಡ್ರಿ. ಇಂಜಿನ್ನೂ ಅಚ್ಚಿನ ಸನೇಕ ಇಳೀಲಿ. ಆದ್ರ ಹೊಟ್ಟಿ ಪೂರ್ತಾ ನೆಲಕ್ಕ ಹತ್ತಂಗಿಲ್ಲ, ಎರಡು ಜಾಡಿನ ನಡುವಿನ ದಿನ್ನಿ ಗೇಣು ಎತ್ತರ ಐತಿ, ಅದಕ್ಕ ಕೆಳಗ 12 ಇಂಚರ ಬಿಡಬೇಕು. ಇನ್ನೊಂದು, ಅರ್ಧಾ ತುಂಬಿದ ಬ್ಯಾರಲ್ ತುಂಬಿದ್ದಕ್ಕಿಂತ ಖೊಟ್ಟಿ. ಗಾಡಿ ವಾಲಿದ ಕಡೆನ ನೀರೆಲ್ಲಾ ಓಡತೈತಿ. ಒಂದು ದೊಡ್ಡ ಬ್ಯಾರಲ್‌ಕ್ಕಿಂತ ಸಣ್ಣ ಕ್ಯಾನು ನಾಕೈದು ಇಡೂದು ಚಲೋ, ಒಂದು ಮುಗದ ಮ್ಯಾಲೆ ಇನ್ನೊಂದು ತಗೀಬೇಕು. ಸಾರಿನ ಪಾತೇಲಿ ಅರ್ಧಾ ತುಂಬಿ ಮೋಟಾರ್ ಸೈಕಲ್ ಮ್ಯಾಲೆ ಹೊತಗೊಂಡು ಹೊಲಕ್ಕ ಹೋದವರಿಗೆ ಇದನ್ನ ಬಿಡಿಸಿ ಹೇಳೂದು ಬ್ಯಾಡ.

ಅಚ್ಚಿನ ಗಟ್ಟಿತನದ ಮಾತೂ ಐತಿ. ಗಾಡಿ ಚೌಕಟ್ಟು 36 ಇಂಚು ಅಗಲ ಐತಿ, ಅದರ ಎರಡೂ ದಂಡಿಗೆ ಬೇರಿಂಗ್. 54ರ ಅಚ್ಚಾದ್ರ ಬೇರಿಂಗ್ ದಾಟಿ ಒಂದೊಂದು ಬಾಜು 9 ಇಂಚು ಚಾಚಿರತೈತಿ, 64 ಆದ್ರ 14 ಇಂಚು. ಅಚ್ಚು ಬಗ್ಗಿಸೂ ಜೋರು ಒಂದೂವರಿ ಪಟ್ಟು ಆತು. ಅದಕ್ಕ ದಪ್ಪ ಕಬ್ಬಿಣ ಹಾಕಬೇಕು, ದಪ್ಪ ಹಾಕಿದ್ರ ತೂಕ, ತೂಕಕ್ಕ ಇಂಜಿನ್ನು ಏದಬೇಕು. ಮ್ಯಾಲೆ ನಮ್ಮ ಗಾಡಿ ಚೈನಿನ ಮ್ಯಾಲೆ ತಿರಗೂದು, ಹಿಂದಿನ ಎರಡೂ ಗಾಲಿ ಒಂದ ಅಚ್ಚಿಗೆ ಬಿಗದಾವು. ಹೊಲದ ಕೊನಿಗೆ ಬಂದು ಪೂರ್ತಾ ಹೊಳ್ಳೂ ಮುಂದ ಹೊರಗಿನ ಗಾಲಿ ಒಳಗಿನದಕ್ಕಿಂತ ಹೆಚ್ಚ ದೂರ ಹೋಗಬೇಕಲ್ಲ, 54ಕ್ಕ ಅದು 14 ಫೂಟು, 64ಕ್ಕ ಸುಮಾರು 17 ಫೂಟು. ಎರಡೂ ಗಾಲಿ ಸಮಾ ತಿರಗಿದ್ರ ಆ ಫರಕಿನಷ್ಟು ಟೈರು ನೆಲಾ ಕೆರೀಬೇಕು. ಕೆರೀದಾಗ ಕೊನಿ ಸಾಲಿನ ಬೆಳಿ ಹೋಗತೈತಿ.

ಈಗ ಬೆಳಿ ಮಾತು. ನನ್ನ ಮನಸಿಗೆ ಎಲ್ಲಾಕ್ಕಿಂತ ದೊಡ್ಡದಿದು, ಹುಡುಗನ ಪುಸ್ತಕದಾಗ ಇದು ಇಲ್ಲ. ಟೈರು ಎರಡು ಸಾಲಿನ ನಟ್ಟನಡುವ ಹೋಗಬೇಕು, ಅಂದ್ರ ಅಚ್ಚಿನ ಅಳತಿಯನ್ನ ಸಾಲಿನ ಅಳತಿಯಿಂದ ಭಾಗಿಸಿದ್ರ ಶೇಷ ಉಳೀಬಾರದು. ಹಿಂಗಾರಿ ಜ್ವಾಳ ನಾವು 18 ಇಂಚಿಗೆ ಬಿತ್ತತೇವಿ. 18 ಮೂರ್ಲೆ 54. ಮೂರ ತಾಳಿನ ಕೂರಿಗಿ ಒಂದ ಸಲಕ್ಕ ಹಿಡಿಯೂ ಜಾಗಾನೂ ಅಷ್ಟ. ಕಡ್ಲಿ 12 ಇಂಚಿಗೆ ಬಿತ್ತತೇವಿ. 54ಕ್ಕ ಅದು ಹೊಂದೂದಿಲ್ಲ, ನಾಕೂವರಿ ಸಾಲು ಆಗತೈತಿ, ಒಂದು ಟೈರು ನಡುವ ಹೋದ್ರ ಇನ್ನೊಂದು ಕಡ್ಲಿ ಗಿಡದ ಮ್ಯಾಲೆ ಹೋಗತೈತಿ. 60 ಆದ್ರ ಐದ ಸಾಲು, ಸರಿ. 64 ಇಂಚು ಜ್ವಾಳಕ್ಕೂ ಇಲ್ಲ, ಕಡ್ಲಿಗೂ ಇಲ್ಲ. ಯಾವ ಬೆಳಿಗೂ ಹೊಂದದ ಅಚ್ಚು ತಗೊಂಡು ಎಣ್ಣಿ ಹೊಡೆಯಾಕ ಹೋಗೂದಂದ್ರ ಹುಳಕ್ಕಿಂತ ಮೊದಲ ನಾವ ಬೆಳಿ ತುಳದಂಗ.

ಹಳಬರು ಇದಕ್ಕ ನೊಗ ಬದಲಿ ಮಾಡತಿದ್ರು. ಎಡಿ ಹೊಡಿಯಾಕ ಉದ್ದ ನೊಗ ಬ್ಯಾರೆ, ಗಾಡಿಗೆ ಬ್ಯಾರೆ, ಎತ್ತು ಸಾಲಿನ ನಡುವ ನಡೀಲಿ ಅಂತ. ಗಾಲಿಗೂ ಅಂಥಾ ದಾರಿ ಐತಿ. ಟ್ರ್ಯಾಕ್ಟರ್ ಇದ್ದವರಿಗೆ ಗೊತ್ತು, ಹಿಂದಿನ ರಿಮ್ ತಿರಗಿಸಿ ಹಾಕಿದ್ರ ಅಗಲ ಬದಲಾಗತೈತಿ. ರಿಮ್ಮಿನ ತಟ್ಟಿ ನಡುವಿಗಿಂತ ಒಂದೂವರಿ ಇಂಚು ಒಂದ ಕಡೆ ಸರಿಸಿ ವೆಲ್ಡ್ ಮಾಡಿಸಿದ್ರ, ತಿರಗಿಸಿ ಹಾಕಿದಾಗ ಒಂದೊಂದು ಬಾಜು ಮೂರ ಇಂಚು ಹೊರಗ ಬರತೈತಿ. 54 ಇದ್ದದ್ದು 60 ಆತು. ಒಂದ ಅಚ್ಚಿನ್ಯಾಗ ಜ್ವಾಳ, ಕಡ್ಲಿ ಎರಡೂ ಸಂಭಾಳಿಸಿದಂಗಾತು. ಎಡಗಡೆ ಗಾಲಿ ಇದ್ದಂಗ ಎತ್ತಿ ಬಲಕ್ಕ, ಬಲಗಡೇದ್ದು ಎಡಕ್ಕ ಹಾಕಬೇಕು, ಅಂದ್ರ ಟೈರಿನ ಹಲ್ಲಿನ ದಿಕ್ಕು ಕೆಡೂದಿಲ್ಲ. ಜಾಕು, ಪಾನಾ ಇದ್ರ ತಾಸಿನ ಕೆಲಸ. ಕಡ್ಲಿ ದಿನದಾಗ ಹಾದಿಗೆ ಆರ ಇಂಚು ಹೆಚ್ಚಾಗತೈತಿ, ಖರೆ. ಹೋಗೂ ಬರೂ ಮುಂದ ಬ್ಯಾರಲ್ ಖಾಲಿ ಇಟಗೊಂಡು ಸಾವಕಾಶ ಹೋಗಬೇಕು, ನೀರು ಹೊಲದಾಗ ತುಂಬಬೇಕು. ಹತ್ತಿ ಮೂರ ಫೂಟಿಗೆ ಹಾಕಿದವರಿಗೆ ಈ ಎರಡೂ ಅಳತಿ ಬರೂದಿಲ್ಲ, ಅವರು 72ರ ವಿಚಾರ ಮಾಡಬೇಕು, ಮತ್ತ ಅಂಥಾ ಗಾಡಿ ಮನೀತನಕಾ ಬರೂ ಹಾದಿ ಐತೋ ಇಲ್ಲೋ ನೋಡಬೇಕು.

ನರಗುಂದದಾಗ ಅಕ್ಕನ ಹೊಲಕ್ಕ ಹಾದಿ ಮಲಪ್ರಭಾ ಕಾಲುವಿ ದಂಡಿಗುಂಟ. ಅಲ್ಲಿ ಜಾಡಿಗಿಂತ ದಂಡಿ ಮುಖ್ಯ. ಒಂದ ಬಾಜು ನೀರು, ಇನ್ನೊಂದು ಬಾಜು ಮಂದಿ ಹೊಲಾ. ಎದುರಿಗೆ ಟ್ರ್ಯಾಕ್ಟರ್ ಬಂದ್ರ ಯಾರರ ಒಬ್ಬರು ಹಿಂದ ಸರೀಬೇಕು. ಅಲ್ಲಿ ಹುಟ್ಟಿ ಬೆಳದ ಹುಡುಗ ಅಗಲದ ಮಾತು ಆಡೂದು ನನಗ ಸೋಜಿಗ. ಪರರ ಒಡ್ಡಿನ ಮ್ಯಾಲೆ ಒಂದ ಗಾಲಿ ಹತ್ತಿಸಿದ್ರ ಆ ಒಡ್ಡು ಕುಸದ ದಿನಾ ಕೋರ್ಟ್ ಮೆಟ್ಟಲಾ ಹತ್ತಬೇಕಾಗತೈತಿ, ಅದರ ಖರ್ಚಿನ್ಯಾಗ ನಾಕ ಅಚ್ಚು ಬರತಾವು.

ಸ್ಪರ್ಧೆಯ ಗಾಡಿಗೆ ಹುಡುಗನ ಮಾತು ಸರಿನ ಐತಿ. ಅಲ್ಲಿ ಸಾಲು ಇಲ್ಲ, ಒಡ್ಡು ಇಲ್ಲ. ಜೋರಿನ್ಯಾಗ ತಿರುವು ಹೊಡೀಬೇಕು, ಹಾರಿ ಬೀಳಬೇಕು, ಅದಕ್ಕ ಬಿಟ್ಟಷ್ಟೂ ಅಗಲ ತಗೋತಾರ. ಮುಂದಿನ ಗಾಲಿ ಹಿಂದಿನದಕ್ಕಿಂತ ತುಸು ಅಗಲ ಇಡೂದೂ ಅಲ್ಲಿ ರೂಢಿ, ಮುಂದಿಂದು ದಾಟಿದ ಸಂದಿನ್ಯಾಗ ಹಿಂದಿಂದು ದಾಟೇ ದಾಟತೈತಿ ಅಂತ. ನಮ್ಮ ಎರಿಯಾಗ ಅದೂ ಬ್ಯಾಡ. ಮುಂದಿನ ಗಾಲಿ ಒತ್ತಿದ ಮಣ್ಣಿನ ಮ್ಯಾಲೆ ಹಿಂದಿಂದು ಹೋದ್ರ ಹಗರ ಹೋಗತೈತಿ, ಬ್ಯಾರೆ ಬ್ಯಾರೆ ಆದ್ರ ನಾಕೂ ಗಾಲಿ ಹೊಸ ಮಣ್ಣು ಒತ್ತಬೇಕು. ಮುಂದ ಹಿಂದ ಎರಡೂ 54 ಇರಲಿ, ರಿಮ್ ತಿರಗಿಸಿದಾಗ ನಾಕೂ ತಿರಗಲಿ. (ಎರಿ ಹಸಿ ಇದ್ದಾಗ ಯಾವ ಅಚ್ಚೂ ನಡಿಯೂದಿಲ್ಲ, ಆ ಮಾತು ಬಿಡ್ರಿ. ಅವತ್ತು ಮನ್ಯಾಗ ಕುಂತು ಮಿರ್ಚಿ ಕರಕೊಂಡು ತಿನ್ನೂದು.)

ಸ್ಪರ್ಧೆಯಿಂದ ತಗೊಳ್ಳೂದಿದ್ರ ಬ್ಯಾರೆ ಎರಡ ಐಟಂ ಅದಾವು. ತಲಿ ಮ್ಯಾಲೆ ಪೈಪಿನ ಪಂಜರ, ಮತ್ತ ಸೀಟಿಗೆ ಬೆಲ್ಟು. ಅವಿಲ್ಲದ ಗಾಡಿಯನ್ನ ಅಲ್ಲಿ ಅಂಗಳಕ್ಕೂ ಬಿಡೂದಿಲ್ಲ. ನಮ್ಮ ಮನಿಯವರು "ಹೊಲಕ್ಕ ಯಾಕ ಪಂಜರ, ಹಕ್ಕಿ ಏನು ನಾನು" ಅಂದ್ರು. ಅತ್ತಿ ಒಳಗಿಂದನ "ಪಂಜರ ಇಲ್ಲಂದ್ರ ಗಾಡೀನೂ ಬ್ಯಾಡ" ಅಂದ್ರು, ಅಲ್ಲಿಗೆ ಆ ಮಾತು ಮುಗೀತು. ಇನ್ನ ಡಾಂಬರ್ ರೋಡಿಗೆ ಇದನ್ನ ತರೂಹಂಗಿಲ್ಲ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ನೋಂದಣಿ ಇಲ್ಲದ ಗಾಡಿ ಸಾರ್ವಜನಿಕ ರಸ್ತಾದಾಗ ಓಡಿಸಬಾರದು. ಮನಿಯಿಂದ ಹೊಲಕ್ಕ ಹೋಗಾಕ ರೋಡು ದಾಟಬೇಕಾದವರು ಕಟ್ಟೂಕಿಂತ ಮೊದಲ ಇದನ್ನ ವಿಚಾರ ಮಾಡ್ರಿ. ನಮ್ಮ ಗಾಡಿ ಹೊಲದ ಶೆಡ್ಡಿನ್ಯಾಗನ ಇರತೈತಿ.

ಹುಡುಗ ಈಗ 54ಕ್ಕ ಒಪ್ಪ್ಯಾನ, 60ರ ರಿಮ್ಮಿನ ಚಿತ್ರಾನೂ ತಗದಾನ. ಬ್ಯಾರಲ್ ಮಲಗಿಸೂ ಮಾತಿಗೆ ಮಾತ್ರ "ಚಿಗವ್ವ, ಪೈಪ್ ಹೊರಗ ತಗ್ಯೂದು ತ್ರಾಸ ಆಗತೈತಿ" ಅಂತಾನ. ಕೆಳಗಿನ ಬಾಜು ಒಂದು ತೂತು ಹೊಡದು ನಳ ಕುಂದರಿಸು ಅಂತ ಹೇಳೇನಿ. ಅಚ್ಚಿನ ಕಬ್ಬಿಣ ಬರೂ ಸೋಮವಾರ ಕೊಯ್ಯಾಕ ಕೊಡತೇವಿ, ಟೇಪ್ ನಾನ ಹಿಡೀತೇನಿ.