ಬೈಕಿಗೆ ಆಂಪ್ಲಿಫೈಯರ್ ಹಾಕಿಸ್ತೀರಾ? ಮೊದ್ಲು ನಮ್ಮ ಮಾವನ್ನ ಕೇಳಿ

ಕಳೆದ ವಾರ ನನ್ನ ಇಂಜಿನಿಯರಿಂಗ್ ಕ್ಲಾಸ್‌ಮೇಟ್ ಒಬ್ಬ ಫೋನ್ ಮಾಡಿದ್ದ. ಹೊಸ ಟೂರಿಂಗ್ ಬೈಕ್ ತಗೊಂಡಿದಾನೆ. "ಲೋ, ನಿನ್ ಬೈಕಿಗೆ ಸ್ಪೀಕರ್ ಹಾಕ್ಸಿದ್ಯಲ್ಲ, ಅದ್ಯಾವ ಆಂಪ್ಲಿಫೈಯರು? ಅದಕ್ಕಿಂತ ಒಂದ್ ಸೈಜ್ ದೊಡ್ಡದು ಹಾಕ್ಸೋಣ ಅಂತ" ಅಂದ. ಎಲ್ಲಾ ಬಿಚ್ಚಿಸಿಬಿಟ್ಟೆ ಕಣೋ ಅಂದ್ರೆ ನಂಬಲಿಲ್ಲ. "ಯಾಕೆ, ಪೊಲೀಸ್ ಹಿಡಿದ್ರಾ?" ಅಂದ. ಪೊಲೀಸ್ ಹಿಡೀಲಿಲ್ಲ. ಕಾರಣ ಫೋನಲ್ಲಿ ಹೇಳೋಕೆ ಉದ್ದ ಆಗುತ್ತೆ, ಅದಕ್ಕೇ ಇಲ್ಲಿ ಬರೀತಿದೀನಿ. ನಿಮ್ಮಲ್ಲೂ ಒಂದಿಬ್ಬರು ಬೈಕ್ ಹುಚ್ಚಿನವರು ಇದ್ದೀರ ಅಂತ ಗೊತ್ತು :)

ನಾನು ಮೊದಲು ಹಾಕ್ಸಿದ್ದು ಹ್ಯಾಂಡಲ್ ಮೇಲೆ ಕೂರೋ ಎರಡು ಮಿರಮಿರ ಮಿಂಚೋ ಸ್ಪೀಕರ್. ಶಿವಮೊಗ್ಗದ ಗಲ್ಲಿಯೊಳಗೆ ಚೆನ್ನಾಗೇ ಕೇಳ್ತಿತ್ತು. ಬಿ.ಎಚ್. ರಸ್ತೆ ಹಿಡಿದು ಮಾಚೇನಹಳ್ಳಿ ಡೈರಿ ದಾಟಿ ಎಪ್ಪತ್ತಕ್ಕೆ ಏರಿಸಿದ್ರೆ ಬರೀ ಗಾಳಿ. ಸರಿ, ಆಂಪ್ಲಿಫೈಯರ್ ಸಾಲ್ದು ಅಂತ ನಾನೇ ತೀರ್ಮಾನ ಮಾಡಿ, ಬೆಂಗಳೂರಲ್ಲಿ ದುಡಿದ ದುಡ್ಡಲ್ಲಿ ಒಂದು ನಾಲ್ಕು ಚಾನೆಲ್ಲಿಂದು ತರಿಸಿದೆ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 400 ವ್ಯಾಟ್. ಸೀಟಿನ ಕೆಳಗೆ ಸೇರಿಸಿ, ಭದ್ರಾವತಿಗೆ ಮಾವನ ಮನೆಗೆ ತೋರಿಸೋಕೆ ಹೋದೆ.

ಮಾವನ ಬಗ್ಗೆ ಹೇಳಬೇಕು. ಅಮ್ಮನ ತಮ್ಮ. ಮೂವತ್ತು ವರ್ಷ ಮೈಕ್ ಸೆಟ್ ಬಾಡಿಗೆಗೆ ಕೊಡ್ತಿದ್ದರು. ಮದುವೆ, ಜಾತ್ರೆ, ಗಣಪತಿ, ಎಲೆಕ್ಷನ್ನು, ಭದ್ರಾವತಿ ಸುತ್ತಮುತ್ತ ಅವರ ಹಾರ್ನ್ ಕಟ್ಟದ ತೆಂಗಿನಮರ ಇರಲಿಲ್ಲ ಅಂತ ಅತ್ತೆ ತಮಾಷೆ ಮಾಡ್ತಾರೆ. ಅವರು ನನ್ನ ಡಬ್ಬ ತಿರುಗಿಸಿ ತಿರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ. "ಇದರೊಳಗೆ ವೋಲ್ಟೇಜ್ ಏರ್ಸೋ ಸರ್ಕೀಟು ಐತೇನೋ?"

ಇಲ್ಲ ಮಾವ ಅಂದೆ.

"ಹಂಗಾದ್ರೆ ನಾನೂರು ವ್ಯಾಟ್ ಎಲ್ಲಿಂದ ಬರ್ತದೆ ಮಾರಾಯ?"

ಇಂಜಿನಿಯರಿಂಗ್ ಓದಿದ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ರಾತ್ರಿ ಕೂತು ಲೆಕ್ಕ ಹಾಕಿದೆ. ಬೈಕ್ ಓಡುವಾಗ ಸಿಗೋದು ಹೆಚ್ಚೆಂದರೆ 14.4 ವೋಲ್ಟ್. ಅದನ್ನ ನೇರ 4 ಓಮ್ ಸ್ಪೀಕರಿಗೆ ಕೊಡೋ ಆಂಪ್ಲಿಫೈಯರಿಂದ ಒಂದು ಚಾನೆಲ್ಲಿಗೆ ಅಬ್ಬಬ್ಬಾ ಅಂದ್ರೆ 26 ವ್ಯಾಟ್ ಬರಬಹುದು. ನಷ್ಟ ಎಲ್ಲಾ ಕಳೆದು, ದನಿ ಒಡೆಯದ ಹಾಗೆ ಬರೋದು ಇಪ್ಪತ್ತರ ಆಸುಪಾಸು. ಡಬ್ಬದ ಮೇಲೆ ನಾನೂರಲ್ಲ ನಾಲ್ಕು ಸಾವಿರ ಬರೆದ್ರೂ ಇಷ್ಟೇ. ಹಿಂದೆ ಟೇಪ್ ರೆಕಾರ್ಡರ್ ಮೇಲೆ ಪಿಎಂಪಿಒ ಅಂತ ಸಾವಿರಾರು ವ್ಯಾಟ್ ಬರೀತಿದ್ರಲ್ಲ, ಅದೇ ಜಾತಿ. ನೋಡಬೇಕಾದ್ದು ಆರ್‌ಎಂಎಸ್ ಅಂಕಿ, ಅದು ಡಬ್ಬದ ಹಿಂದೆ ಇರುವೆ ಗಾತ್ರದಲ್ಲಿ ಇರುತ್ತೆ.

ವೋಲ್ಟೇಜ್ ಏರಿಸೋ ಕಾರಿನ ಆಂಪ್ಲಿಫೈಯರನ್ನೇ ಹಾಕಿದ್ರೂ ಪಾಡು ಹೆಚ್ಚು ಬೇರೆ ಅಲ್ಲ. ವ್ಯಾಟ್ ಎರಡರಷ್ಟು ಮಾಡಿದ್ರೆ ಶಬ್ದ ಏರೋದು 3 ಡೆಸಿಬಲ್, ಕಿವಿಗೆ "ಸ್ವಲ್ಪ ಜಾಸ್ತಿ ಆಯ್ತಾ?" ಅನ್ನೋಷ್ಟು. ಎರಡರಷ್ಟು ಜೋರು ಅನ್ನಿಸಬೇಕಾದ್ರೆ ಹತ್ತರಷ್ಟು ವ್ಯಾಟ್ ಬೇಕು. ಮಾವ 40 ವ್ಯಾಟಿನ ಆಂಪ್ಲಿಫೈಯರಿಗೆ ಎರಡು ಹಾರ್ನ್ ಕಟ್ಟಿ ಇಡೀ ಊರಿಗೆ ಕೇಳಿಸ್ತಿದ್ದರು. ಗುಟ್ಟು ಆಂಪ್ಲಿಫೈಯರಲ್ಲಿ ಇರಲಿಲ್ಲ, ಹಾರ್ನಲ್ಲಿತ್ತು. ಒಂದು ವ್ಯಾಟ್ ಕೊಟ್ರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಅನ್ನೋದಕ್ಕೆ ಸೆನ್ಸಿಟಿವಿಟಿ ಅಂತಾರೆ. ಸಾಮಾನ್ಯ ಸ್ಪೀಕರಿಗೆ 87-88 ಇದ್ದರೆ ಹಾರ್ನಿಗೆ ನೂರರ ಮೇಲೆ. 87ರದ್ದು ತೆಗೆದು 93ರ ಸ್ಪೀಕರ್ ಹಾಕಿದ್ರೆ ಆಂಪ್ಲಿಫೈಯರನ್ನ ನಾಲ್ಕರಷ್ಟು ಮಾಡಿದ ಹಾಗೆ. ಬ್ಯಾಟರಿಗೆ ಒಂದು ಹನಿ ಭಾರ ಹೆಚ್ಚಲ್ಲ.

ಬ್ಯಾಟರಿ ಅಂದ್ರೆ ಗಾಜನೂರು ನೆನಪಾಗುತ್ತೆ. ತೀರ್ಥಹಳ್ಳಿ ಕಡೆ ಹೊರಟಿದ್ವಿ, ಗಾಜನೂರಲ್ಲಿ ಗಾಡಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಹಾಡು ಹಾಕ್ಕೊಂಡು ಹರಟೆ. ನನ್ನದು 8 ಆಂಪಿಯರ್-ಅವರ್ ಬ್ಯಾಟರಿ, ಆಂಪ್ಲಿಫೈಯರ್ ಎಳೀತಿದ್ದದ್ದು ನಾಲ್ಕು ಆಂಪಿಯರ್. ಮುಂದಿನದು ನೀವೇ ಊಹಿಸಿ. ಕಿಕ್ಕರ್ ಇಲ್ಲ, ಫ್ಯೂಯಲ್ ಇಂಜೆಕ್ಷನ್ ಗಾಡಿ ತಳ್ಳಿದ್ರೂ ಸ್ಟಾರ್ಟ್ ಆಗಲ್ಲ. ಮೂರು ಜನ ಬೆವರಿಳಿಸಿದ್ವಿ.

ಇಷ್ಟಾದ್ರೂ ನಾನು ಬಿಚ್ಚಿಸಿರಲಿಲ್ಲ. ಒಳ್ಳೇ ಸೆನ್ಸಿಟಿವಿಟಿ ಇರೋ ಸ್ಪೀಕರ್ ಹುಡುಕಿ ಹಾಕಿಸಿ, ಸ್ವಿಚ್ ಇಗ್ನಿಷನ್ನಿಗೆ ಕೊಡಿಸಿ, ಎಂಬತ್ತರಲ್ಲೂ ಹಾಡು ಕೇಳೋ ಹಾಗೆ ಮಾಡಿಕೊಂಡೆ. ಗೆದ್ದೆ ಅಂದುಕೊಂಡಿದ್ದೆ. ವಾರ ವಾರ ಶಿವಮೊಗ್ಗ-ಭದ್ರಾವತಿ ಓಡಾಡಿದ್ದೇ ಓಡಾಡಿದ್ದು.

ಈ ಮಧ್ಯೆ ಮಾವನಿಗೆ ಕಿವಿ ಮಂದ ಆಗ್ತಾ ಬಂತು. ಅತ್ತೆ "ಸಾರು ಹಾಕ್ಲಾ?" ಅಂದ್ರೆ "ಯಾರು ಹಾಕಿದ್ದು?" ಅಂತಾರೆ. ನಾವೆಲ್ಲ ನಗ್ತಿದ್ವಿ. ಅವರು ಮೊದಮೊದಲು ನಗ್ತಿದ್ದರು, ಆಮೇಲೆ ಊಟಕ್ಕೆ ಎಲ್ಲರ ಜೊತೆ ಕೂರೋದೇ ಬಿಟ್ಟರು. ಅದು ನನ್ನ ಗಮನಕ್ಕೆ ಬಂದಿದ್ದು ಎಷ್ಟೋ ದಿನದ ಮೇಲೆ. ಶಿವಮೊಗ್ಗದಲ್ಲಿ ಒಂದು ಕಡೆ ಪರೀಕ್ಷೆಗೆ ಕರ್ಕೊಂಡು ಹೋದೆ. ಅಲ್ಲಿ ಇದ್ದ ಹುಡುಗಿ ಮಾವನದು ಮುಗಿಸಿ, "ನೀವೂ ಕೂತ್ಕೊಳ್ಳಿ ಸರ್, ಐದು ನಿಮಿಷ" ಅಂದಳು. ತಮಾಷೆಗೆ ಕೂತೆ.

ಎರಡು ಆಡಿಯೋಗ್ರಾಂ ಪಕ್ಕಪಕ್ಕ ಇಟ್ಟಳು. ಮಾವನ ಗೆರೆ 4000 ಹರ್ಟ್ಜ್ ಹತ್ತಿರ ಬಾವಿಗೆ ಇಳಿದ ಹಾಗಿತ್ತು. ನನ್ನ ಗೆರೆಯಲ್ಲೂ ಅದೇ ಜಾಗದಲ್ಲಿ ಒಂದು ಸಣ್ಣ ಗುಂಡಿ. ಜೋರು ಶಬ್ದದಿಂದ ಕೆಡೋ ಕಿವಿ ಸಾಮಾನ್ಯವಾಗಿ ಮೊದಲು ಕೆಡೋದೇ ಅಲ್ಲಂತೆ. ಸ, ಶ, ಫ ಥರದ ಅಕ್ಷರಗಳೆಲ್ಲ ಆ ಎತ್ತರದ ಕಂಪನದಲ್ಲೇ ಇರೋದು. ಹೋದ ಕೂದಲುಕೋಶ ಮತ್ತೆ ಹುಟ್ಟಲ್ಲ. ನನಗೆ ಇಪ್ಪತ್ತೆಂಟು, ಮಾವನಿಗೆ ಅರವತ್ತೆರಡು.

ಸ್ಪೀಕರಿಂದಲೇ ಆಯ್ತಾ ಅಂದ್ರೆ, ಗಾಳಿಯದ್ದೂ ದೊಡ್ಡ ಪಾಲಿದೆ. ಎಂಬತ್ತರಲ್ಲಿ ಹೋಗುವಾಗ ಹೆಲ್ಮೆಟ್ ಒಳಗಿನ ಗಾಳಿಯ ಸದ್ದೇ 90 ಡೆಸಿಬಲ್ ಮೀರುತ್ತೆ. ಅದರ ಮೇಲೆ ಹಾಡು ಕೇಳಬೇಕಾದ್ರೆ ಹಾಡು ಇನ್ನೂ ಜೋರಿರಬೇಕು ತಾನೆ? 85 ಡೆಸಿಬಲ್ ಆದರೆ ದಿನಕ್ಕೆ ಎಂಟು ಗಂಟೆ, ಆಮೇಲೆ ಪ್ರತಿ 3 ಡೆಸಿಬಲ್ಲಿಗೆ ಸಮಯ ಅರ್ಧ, ಇದು ಅಮೆರಿಕದ ನಯಾಷ್ ಸಂಸ್ಥೆ ಹೇಳೋ ಮಿತಿ. ಹಾಗೆ ಹೋದ್ರೆ 97ಕ್ಕೆ ಅರ್ಧ ಗಂಟೆ, 100ಕ್ಕೆ ಕಾಲು ಗಂಟೆ. ಶಿವಮೊಗ್ಗದಿಂದ ಭದ್ರಾವತಿ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ, ಅರ್ಧ ಗಂಟೆ ದಾರಿ. ಹೋಗೋದ್ರೊಳಗೆ ದಿನದ ಕೋಟಾ ಖಾಲಿ, ವಾಪಸ್ ಬರೋದು ಸಾಲದಲ್ಲಿ.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು. ಓಡೋ ಬೈಕಲ್ಲಿ ಸ್ಪೀಕರ್ ದೊಡ್ಡದು ಮಾಡೋದು ತಪ್ಪು ಕಡೆಯಿಂದ ಕೆಲಸ ಶುರು ಮಾಡೋದು. ಗಾಳಿ ತಗ್ಗಿಸಬೇಕು, ಹಾಡು ಏರಿಸೋದಲ್ಲ. ಗೋಲ್ಡ್ ವಿಂಗಲ್ಲಿ ಕಂಪನಿಯವರೇ ಸ್ಪೀಕರ್ ಕೊಡ್ತಾರಲ್ಲ ಅಂತೀರಾ? ಕೊಡ್ತಾರೆ, ಜೊತೆಗೆ ಬಾಗಿಲಿನಷ್ಟು ದೊಡ್ಡ ವಿಂಡ್‌ಶೀಲ್ಡನ್ನೂ ಕೊಡ್ತಾರೆ. ನಮ್ಮ ಗಾಡಿಗೆ ಅದಿಲ್ಲ.

ಇನ್ನೊಂದು, ನಾನೇ ಮಾಡಿದ್ದರಿಂದ ಹೇಳೋ ಹಕ್ಕಿದೆ. ಓಡುವಾಗ ಕೇಳಲಿ ಅಂತ ಇಟ್ಟ ವಾಲ್ಯೂಮು ಗೋಪಿ ಸರ್ಕಲ್ಲಲ್ಲಿ ನಿಂತಾಗ ಊರಿಗೆಲ್ಲ ಕೇಳುತ್ತೆ. ಮೆಗ್ಗಾನ್ ಆಸ್ಪತ್ರೆ ಮುಂದೆಯೂ ಹಾಗೇ ಹೋಗಿದೀನಿ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಆಸ್ಪತ್ರೆ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯ, ಮನೆಗಳಿರೋ ಕಡೆ ಹಗಲಿಗೆ 55 ಡೆಸಿಬಲ್, ರಾತ್ರಿ 45. ಆಗ ಅದ್ಯಾವುದೂ ನನ್ನ ತಲೆಯಲ್ಲಿರಲಿಲ್ಲ. ಜನ ತಿರುಗಿ ನೋಡಿದ್ರೆ ಮೆಚ್ಚಿಕೊಂಡ್ರು ಅಂದುಕೊಳ್ತಿದ್ದೆ.

ಈಗ ಎರಡು ಕಿವಿಗೂ ಫೋಮಿನ ಇಯರ್‌ಪ್ಲಗ್. ಮೊದಲ ದಿನ ಕಿವುಡನ ಥರ ಅನ್ನಿಸುತ್ತೆ, ಆದ್ರೆ ಹಿಂದಿನ ಬಸ್ಸಿನ ಹಾರ್ನು ಗಾಳಿಗಿಂತ ಬೇರೆಯಾಗಿ ಕೇಳುತ್ತೆ, ಆಗುಂಬೆಗೆ ಹೋಗಿ ಬಂದ್ರೂ ತಲೆನೋವಿಲ್ಲ. ಹಾಡು ಬೇಕೇಬೇಕು ಅನ್ನೋರು ಹೆಲ್ಮೆಟ್ ಒಳಗಿನ ಸಣ್ಣ ಸ್ಪೀಕರ್ ಹಾಕ್ಕೊಳ್ಳಿ, ಕಿವಿಗೆ ಒಂದೆರಡು ಇಂಚಲ್ಲಿ ಇರೋದಕ್ಕೆ ಆಂಪ್ಲಿಫೈಯರೇ ಬೇಡ. ಪ್ಲಗ್ ಹಾಕಿದ ಮೇಲೂ ಸಣ್ಣಗೆ ಕೇಳುತ್ತೆ, ಅಷ್ಟು ಸಾಕು. ಪ್ಲಗ್ ಇಲ್ಲದೆ ವಾಲ್ಯೂಮ್ ಏರಿಸಿದ್ರೆ ಮತ್ತೆ ಅದೇ ಕಥೆ.

ನನ್ನ ಸ್ಪೀಕರ್ ಜೋಡಿ ಈಗ ಮಾವನ ಮನೆಯ ಜಗಲಿಯಲ್ಲಿದೆ, ಒಂದು ಹಳೇ ರೇಡಿಯೋಗೆ ಕಟ್ಟಿಕೊಂಡಿದಾರೆ. ಬೆಳಿಗ್ಗೆ ಆಕಾಶವಾಣಿ ಭದ್ರಾವತಿ ಹಾಕಿದ್ರೆ ವಾರ್ತೆ ಓದೋರ ಸ-ಕಾರ ಕೇಳ್ತಿದೆಯಂತೆ, ಹಿಯರಿಂಗ್ ಏಡ್ ಹಾಕಿಕೊಂಡಾಗ. ಆಂಪ್ಲಿಫೈಯರ್ ಮಾತ್ರ ನನ್ನ ರೂಮಲ್ಲೇ ಧೂಳು ತಿಂತಾ ಬಿದ್ದಿದೆ. ಕ್ಲಾಸ್‌ಮೇಟ್ ಅರ್ಧ ಬೆಲೆಗೆ ಕೇಳಿದಾನೆ. ಕೊಟ್ಟಿಲ್ಲ. ಅವನಿಗೆ ಒಂದು ಡಬ್ಬ ಇಯರ್‌ಪ್ಲಗ್ ಕೊರಿಯರ್ ಮಾಡಿದೀನಿ, ಬೈದು ಮೆಸೇಜ್ ಹಾಕಿದಾನೆ.